ಕಿವಿಗೆ ಬಿದ್ದ ಹೆಸರು ಬೆರಳಿಗೂ ಬರಬೇಕು

ಶಿರಸಿ ಕಡೆಯ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವ ಅಕ್ಕ ಒಬ್ಬರಿಗೆ ವೆಬ್‌ಸೈಟ್ ಮಾಡಿಕೊಡಲು ಕೂತಿದ್ದೆ. ಫೋಟೊ, ದರಪಟ್ಟಿ ಎಲ್ಲ ಒಂದೇ ದಿನದಲ್ಲಿ ಮುಗಿಯಿತು. ವೆಬ್‌ಸೈಟಿನ ವಿಳಾಸಕ್ಕೊಂದು ಹೆಸರು ಹುಡುಕಲು ಮಾತ್ರ ಮೂರು ದಿನ ಹಿಡಿಯಿತು.

"ಉಪ್ಪಿನಕಾಯಿ ಅಂತಲೇ ಇಡು ತಮ್ಮಾ, ಎಲ್ಲರಿಗೂ ಗೊತ್ತಿರೋ ಮಾತು" ಅಂದರು. ಮನೆಮಂದಿಗೆಲ್ಲ ಒಂದೊಂದು ಚೀಟಿ ಕೊಟ್ಟು, ಆ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ ಎಂದೆ. ಮಗಳು 'ಕಾ'ಗೆ ಒಂದು ಎ ಹಾಕಿ, 'ಯಿ'ಗೆ ವೈ, ಐ ಎರಡನ್ನೂ ಬರೆದಳು. ಯಜಮಾನರದು ಎರಡು ಎ. ಅಕ್ಕ ವೈ ಬಿಟ್ಟು ಬರೀ ಐ ಬರೆದರು. ಮಾವನವರ ಚೀಟಿಯಲ್ಲಿ ಒಂದೇ ಪಿ ಇತ್ತು. ನಾಲ್ಕು ಜನ, ನಾಲ್ಕು ವಿಳಾಸ!

ಡೊಮೈನ್ ಹೆಸರಿನಲ್ಲಿ, ಅಂದರೆ ವೆಬ್‌ಸೈಟಿನ ವಿಳಾಸದಲ್ಲಿ, ಒಂದಕ್ಷರ ಆಚೀಚೆಯಾದರೂ ಗಿರಾಕಿ ಹೋಗಿ ನಿಲ್ಲುವುದು ಬೇರೆಯವರ ಬಾಗಿಲಲ್ಲಿ. ಕನ್ನಡದ ದೀರ್ಘ, ಒತ್ತು, ಮಹಾಪ್ರಾಣಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಒಂದೇ ಕ್ರಮವಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಕಂಪ್ಯೂಟರಿನಲ್ಲಿ ಅಲ್ಲ, ಹಾಳೆಯ ಮೇಲೆ. ಹತ್ತು ಹೆಸರು ಬರೆದುಕೊಳ್ಳಿ. ಒಬ್ಬ ಪರಿಚಯದವರಿಗೆ ಫೋನ್ ಮಾಡಿ, ಒಂದೊಂದನ್ನೂ ಒಂದೇ ಸಲ ಹೇಳಿ, ಬರೆದು ವಾಟ್ಸ್ಆ್ಯಪ್ ಮಾಡಲು ಕೇಳಿ. "ಡಬಲ್ ಓನಾ, ಯು ಒಂದೇನಾ?" ಎಂದು ಅವರು ಕೇಳಿದ ಹೆಸರನ್ನು ಹೊಡೆದುಹಾಕಿ. 'ಊಟ' ಇದೇ ಕಾರಣಕ್ಕೆ ತೊಂದರೆಯ ಪದ. 'ಮನೆ'ಯನ್ನು ಬಹುತೇಕ ಎಲ್ಲರೂ ಒಂದೇ ರೀತಿ ಬರೆಯುತ್ತಾರೆ.

ನಿಯಮದ ಪ್ರಕಾರ ವಿಳಾಸದಲ್ಲಿ ಚುಕ್ಕಿಗಿಂತ (ಡಾಟ್) ಮೊದಲು ಬರುವ ಭಾಗ 63 ಅಕ್ಷರದವರೆಗೆ ಇರಬಹುದು, ಅಂಕಿ ಮತ್ತು ಹೈಫನ್ ಸೇರಿಸಬಹುದು. ನನ್ನ ಸಲಹೆ, ಹದಿನೈದು ದಾಟಬೇಡಿ, ಹೈಫನ್ ಬೇಡವೇ ಬೇಡ. ಬಾಯಲ್ಲಿ ಹೇಳುವಾಗ ನಡುವಿನ ಆ ಗೆರೆ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮಾತು. ಇವತ್ತು ಮಿಡಿ ಉಪ್ಪಿನಕಾಯಿ ಮಾರುವವರು ನಾಳೆ ತೊಡದೇವು, ಜೋನಿಬೆಲ್ಲವನ್ನೂ ಮಾರಿಯಾರು. ಸರಕಿನ ಹೆಸರಿಗೇ ಅಂಟಿಕೊಂಡರೆ ಆಗ ಇಕ್ಕಟ್ಟು. ಕೊನೆಗೆ ಅಕ್ಕನ ತೋಟದ ಹೆಸರಿಗೆ 'ಮನೆ' ಸೇರಿಸಿದೆವು. ಫೋನಿನಲ್ಲಿ ಕೇಳಿದ ಆರು ಜನರೂ ತಪ್ಪಿಲ್ಲದೆ ಬರೆದರು.

ಮುಂದಿನದು ಚುಕ್ಕಿಯ ನಂತರದ ಭಾಗ. ಗಿರಾಕಿಗಳು ದೇಶದೊಳಗೇ ಇದ್ದರೆ ಡಾಟ್ ಇನ್ ಸಾಕು. 2005ರಿಂದ ಅದು ಎಲ್ಲರಿಗೂ ಮುಕ್ತ. ಹೊರದೇಶಕ್ಕೂ ಕಳಿಸುವವರು ಡಾಟ್ ಕಾಮ್ ಸಿಕ್ಕರೆ ಎರಡನ್ನೂ ಹಿಡಿದಿಟ್ಟುಕೊಳ್ಳಿ. ಕನ್ನಡ ಲಿಪಿಯಲ್ಲೇ ಕೊನೆಯಾಗುವ ಡಾಟ್ ಭಾರತ ಕೂಡ ಇದೆ. ನಮ್ಮ ಅಕ್ಷರದಲ್ಲೇ ವಿಳಾಸ ಕಂಡಾಗ ನನಗಂತೂ ಮನಸ್ಸು ತುಂಬಿ ಬರುತ್ತದೆ, ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಎಷ್ಟೋ ಅರ್ಜಿ ನಮೂನೆಗಳು ಕನ್ನಡದ ಇಮೇಲ್ ವಿಳಾಸವನ್ನು ಇನ್ನೂ ಒಪ್ಪುವುದಿಲ್ಲ. ಅದನ್ನು ಎರಡನೇ ಹೆಸರಾಗಿಟ್ಟು ಮುಖ್ಯ ವಿಳಾಸಕ್ಕೆ ತಿರುಗಿಸಿಬಿಡಿ.

ಕೊಳ್ಳುವ ಮೊದಲು ಸರ್ಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟದಲ್ಲಿ ಹೆಸರು ಹಾಕಿ ನೋಡಿ. ಅದು ಉಚಿತ. ಡೊಮೈನ್ ಖಾಲಿ ಇದೆ ಎಂದಮಾತ್ರಕ್ಕೆ ಹೆಸರು ಖಾಲಿ ಇದೆ ಎಂದಲ್ಲ. ಇನ್ನೊಬ್ಬರ ಹೆಸರಿನ ಲಾಭ ಪಡೆಯಲೆಂದು ಇಟ್ಟದ್ದು ಎಂದು ಮಧ್ಯಸ್ಥಿಕೆಯಲ್ಲಿ ತೀರ್ಮಾನವಾದರೆ ಡಾಟ್ ಇನ್ ಹೆಸರು ಕೈತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯ, ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲೇ ಆಗಬೇಕು. ಸಕಲೇಶಪುರ ಕಡೆಯ ಪರಿಚಯದ ಹೋಂಸ್ಟೇ ಮಾಲೀಕರೊಬ್ಬರು ಇದನ್ನು ವೆಬ್‌ಸೈಟ್ ಮಾಡಿದ ಹುಡುಗನಿಗೇ ಬಿಟ್ಟಿದ್ದರು. ಅವನು ನಂಬರ್ ಬದಲಿಸಿದ. ನವೀಕರಣದ ಸೂಚನೆಗಳೆಲ್ಲ ಅವನ ಇಮೇಲ್‌ಗೇ ಹೋದವು. ಒಂದು ದಿನ ನೋಡಿದರೆ ಆ ವಿಳಾಸದಲ್ಲಿ ಬೇರೆ ಯಾರದೋ ಜಾಹೀರಾತು. ಅಚ್ಚು ಹಾಕಿಸಿದ್ದ ಕಾರ್ಡು, ರಸ್ತೆ ಬದಿಯ ಬೋರ್ಡು ಎಲ್ಲ ದಂಡ. ಡಾಟ್ ಕಾಮ್ ಹೆಸರು ಅಳಿಸಿಹೋದ ಮೇಲೂ 30 ದಿನ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳುವ ದಾರಿಯಿದೆ. ಅವರಿಗೆ ಗೊತ್ತಾಗುವಾಗ ಅದೂ ಮೀರಿತ್ತು.

ದರ ನೋಡುವಾಗ ಮೊದಲ ವರ್ಷದ ರಿಯಾಯಿತಿಗೆ ಮರುಳಾಗಬೇಡಿ, ಎರಡನೇ ವರ್ಷದಿಂದ ಎಷ್ಟು ಎಂದು ಕೇಳಿ. ಒಮ್ಮೆಗೆ ಗರಿಷ್ಠ 10 ವರ್ಷಕ್ಕೆ ಕಟ್ಟಬಹುದು. ಅಕ್ಕ ಐದು ವರ್ಷಕ್ಕೆ ಕಟ್ಟಿದ್ದಾರೆ. ಮುಗಿಯುವ ತಾರೀಖನ್ನು ಅಡುಗೆಮನೆಯಲ್ಲಿ ಉಪ್ಪಿನಕಾಯಿಯ ಅಳತೆ ಬರೆದಿಡುವ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡು, ಪಾಸ್‌ವರ್ಡನ್ನು ಮಾತ್ರ ಬೇರೆ ಕಡೆ ಇಟ್ಟಿದ್ದಾರೆ.