ಲೆನ್ಸ್ ಹಿಡಿದು ಹುಚ್ಚೆಳ್ಳು ಹೂ ಬಿಡಿಸಿದ್ದು

ನಮ್ಮ ಗುಬ್ಬಿ ಕಡೆ ರಾಗಿ ಹೊಲದಲ್ಲಿ ಹುಚ್ಚೆಳ್ಳು ಅಂದರೆ ಅಕ್ಕಡಿ ಸಾಲಿನ, ಅಂದರೆ ಮುಖ್ಯ ಬೆಳೆಯ ನಡುವೆ ಸಾಲಾಗಿ ಬಿತ್ತುವ ಬೆಳೆ. ಚಟ್ನಿಪುಡಿಗೆ ಆದರೆ ಸಾಕು ಅಂತ ಬಿತ್ತುತ್ತೇವೆ, ಹೂವನ್ನು ಕಿತ್ತು ನೋಡುವವರು ಯಾರು? ನಾನು ನೋಡಿದ್ದಕ್ಕೆ ಕಾರಣ ಇಷ್ಟೇ: ಹಿತ್ತಲಲ್ಲಿ ತಾನಾಗಿ ಹುಟ್ಟಿದ ಒಂಟಿ ಗಿಡ ಮೈತುಂಬ ಹೂ ಬಿಟ್ಟಿತು, ಆದರೆ ಕಾಳೆಲ್ಲ ಜೊಳ್ಳು. ಅದೇ ಬೀಜ ಹೊಲದಲ್ಲಿ ಚೆನ್ನಾಗಿ ಕಟ್ಟಿತ್ತು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಗುಂಡುಸೂಜಿ, ಬಿಳಿ ಕಾಗದ ಇದ್ದರೆ ಆಯಿತು. ಹೂ ಬೆಳಿಗ್ಗೆಯೇ ಕಿತ್ತುಕೊಳ್ಳಿ.

ನಾವು ಒಂದು ಹೂ ಅನ್ನುವುದು ನಿಜಕ್ಕೂ ಹತ್ತಾರು ಹೂಗಳ ಗುಂಪು. ಸೂರ್ಯಕಾಂತಿ, ಸೇವಂತಿಗೆ, ಕಾಂಗ್ರೆಸ್ ಗಿಡ ಎಲ್ಲ ಇದೇ ಕುಟುಂಬ. ಕೆಳಗೆ ಎಲೆಯಂಥ ಐದು ಹಸಿರು ಹೊದಿಕೆ. ಅಂಚಿನಲ್ಲಿ ಸಾಮಾನ್ಯವಾಗಿ ಎಂಟು ಹಳದಿ ಎಸಳು, ತುದಿಯಲ್ಲಿ ಮೂರು ಹಲ್ಲು. ಪ್ರತಿ ಎಸಳೂ ಒಂದೊಂದು ಹೆಣ್ಣು ಹೂ! ಸೂರ್ಯಕಾಂತಿಯ ಅಂಚಿನ ಎಸಳು ಬಂಜೆ, ಇದರದು ಕಾಳು ಕಟ್ಟುತ್ತದೆ. ನಡುವೆ ಇರುವ ಕೊಳವೆ ಹೂಗಳಲ್ಲಿ ಗಂಡು ಹೆಣ್ಣು ಎರಡೂ ಭಾಗ ಉಂಟು. ಒಂದನ್ನು ಸೂಜಿಯಿಂದ ಸೀಳಿದರೆ ಐದು ಪರಾಗಕೋಶಗಳು ಅಂಟಿಕೊಂಡು ನಳಿಗೆಯಾಗಿರುವುದು ಕಾಣುತ್ತದೆ, ಅದರೊಳಗಿಂದ ಶಲಾಕೆ (ಹೆಣ್ಣು ಭಾಗದ ಕಡ್ಡಿ) ಮೇಲೇರುತ್ತಾ ಪರಾಗವನ್ನು ಹೊರಗೆ ತಳ್ಳುತ್ತದೆ, ಆಮೇಲೆ ತಾನು ತುದಿಯಲ್ಲಿ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಅಂಚಿನಿಂದ ಒಳಕ್ಕೆ ಅರಳುವುದರಿಂದ ಈ ಹಂತಗಳೆಲ್ಲ ಒಂದೇ ಹೂವಿನಲ್ಲಿ ಸಿಗುತ್ತವೆ.

ಇಷ್ಟು ಹತ್ತಿರ ಇದ್ದರೂ ಹುಚ್ಚೆಳ್ಳಿಗೆ ತನ್ನದೇ ಗಿಡದ ಪರಾಗ ಒಗ್ಗುವುದಿಲ್ಲ. ಬೇರೆ ಗಿಡದ್ದು ಬರಬೇಕು, ತರುವುದು ಹೆಚ್ಚಾಗಿ ಜೇನು. ಹಿತ್ತಲ ಗಿಡ ಜೊಳ್ಳಾಗಿದ್ದು ಇದಕ್ಕೇ. ಈಗ ಸಾಲಿನ ಜೊತೆ ಹೊಲದ ಮೂಲೆಯಲ್ಲಿ ಒಂದು ಪಟ್ಟೆಯನ್ನೂ ಒತ್ತಾಗಿ ಬಿತ್ತುತ್ತೇನೆ, ಹೂ ಇರುವಾಗ ಔಷಧಿ ಹೊಡೆಯುವುದಿಲ್ಲ. ಜೇನು ಸಾಕಿದವರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು ಅಲ್ವಾ?

ಹುಚ್ಚೆಳ್ಳಿನ ವೈಜ್ಞಾನಿಕ ಹೆಸರು ಗೈಜೋಷಿಯ ಅಬಿಸಿನಿಕ, ಮೂಲ ಇಥಿಯೋಪಿಯ. ಈ ಕುಲದ ಬೆರಳೆಣಿಕೆಯ ಜಾತಿಗಳೆಲ್ಲ ಆಫ್ರಿಕದವೇ.

ಕಾಳು ಕಪ್ಪಗೆ ಮಿಂಚುತ್ತದೆ. ಈ ಕುಟುಂಬದ ಎಷ್ಟೋ ಬೀಜಗಳಿಗೆ ಹಾರಲು ಹತ್ತಿಯಂಥ ಪುಚ್ಛ ಇರುತ್ತದೆ, ಇದಕ್ಕೆ ಇಲ್ಲ. ಹಾಗಾಗಿ ಒಣಗಿದ ಮೇಲೆ ಗಿಡದ ಬುಡಕ್ಕೇ ಉದುರುತ್ತದೆ. ತಲೆಗಳು ಕಂದು ತಿರುಗುತ್ತಿದ್ದಂತೆ ಬೆಳಗಿನ ಇಬ್ಬನಿ ಆರುವ ಮೊದಲೇ ಕೊಯ್ದು ಕಣಕ್ಕೆ ಹಾಕಿಬಿಡಿ, ಮಧ್ಯಾಹ್ನ ಕೊಯ್ದರೆ ಅರ್ಧ ಕಾಳು ಹೊಲದಲ್ಲೇ.