ತಾತನ ಮಿಠಾಯಿ ಅಂಗಡಿಯ ಸಾಮಾನು ಜೋಪಾನ ಮಾಡುವುದು ಹೇಗೆ

ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮ ತಾತನ ಮಿಠಾಯಿ ಅಂಗಡಿ ಇತ್ತು. ಬೆಂಡು, ಬತ್ತಾಸು, ತಿಪಟೂರು ಕೊಬ್ಬರಿಯ ಮಿಠಾಯಿ, ಸಂಕ್ರಾಂತಿಗೆ ಸಕ್ಕರೆ ಅಚ್ಚು. ಅಂಗಡಿ ಮುಚ್ಚಿದ ಮೇಲೆ ಉಳಿದದ್ದು ಅಟ್ಟದ ಮೇಲಿನ ಎರಡು ಗೋಣಿಚೀಲ ಸಾಮಾನು. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಗುಜರಿಯವರನ್ನು ಕರೆಯುವ ಮುಂಚೆ ಇದನ್ನು ಓದಿ.

ಮೊದಲು ಏನನ್ನೂ ತೊಳೆಯಬೇಡಿ. ಎಲ್ಲವನ್ನೂ ಚಾಪೆ ಮೇಲೆ ಹರಡಿ, ಇದ್ದ ಹಾಗೇ ಫೋಟೋ ತೆಗೆಯಿರಿ. ಆಮೇಲೆ ಮನೆಯ ಹಿರಿಯರನ್ನು ಕೂರಿಸಿ ಒಂದೊಂದೇ ಸಾಮಾನು ಅವರ ಕೈಗೆ ಕೊಡಿ, ಫೋನಿನಲ್ಲಿ ರೆಕಾರ್ಡಿಂಗ್ ಓಡುತ್ತಿರಲಿ. 'ಅಂಗಡಿ ಬಗ್ಗೆ ಹೇಳಿ' ಅಂತ ಸುಮ್ನೆ ಕೇಳಿದರೆ ಯಾರೂ ಜಾಸ್ತಿ ಹೇಳುವುದಿಲ್ಲ. ನಮ್ಮಜ್ಜಿ ಜಾಲರಿ ಸೌಟು ಕೈಗೆ ಬಂದ ಕೂಡಲೇ, ಸಿದ್ಧಗಂಗೆ ಜಾತ್ರೆಯ ಹಿಂದಿನ ವಾರ ರಾತ್ರಿಯೆಲ್ಲ ಎದ್ದು ಬತ್ತಾಸು ಹಾಕುತ್ತಿದ್ದದ್ದನ್ನು ಒಂದು ಗಂಟೆ ಹೇಳಿದರು.

ಎಲ್ಲಕ್ಕಿಂತ ಹುಷಾರಾಗಿ ನೋಡಬೇಕಾದದ್ದು ಸಕ್ಕರೆ ಅಚ್ಚಿನ ಮರದ ಅಚ್ಚುಗಳನ್ನು. ಒಂದು ಆನೆಗೋ ಗಿಳಿಗೋ ಎರಡು ಹೋಳು, ಕೆಲವಕ್ಕೆ ಮೂರು. ಈ ಹೋಳಿಗೆ ಆ ಹೋಳೇ ಕೂರುತ್ತದೆ, ಬೇರೆಯದು ಕೂರುವುದಿಲ್ಲ. ಪಾಲು ಮಾಡುವಾಗ ಇದು ಗೊತ್ತಿಲ್ಲದೆ ನಮ್ಮಲ್ಲಿ ಬೃಂದಾವನದ ಒಂದು ಹೋಳು ಬೆಂಗಳೂರಿಗೆ ಹೋಯಿತು, ಇನ್ನೊಂದು ಇಲ್ಲೇ ಉಳಿಯಿತು, ವಾಪಸ್ ಕೇಳುವಷ್ಟರಲ್ಲಿ ಅದು ಕಳೆದೇ ಹೋಗಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಮೊದಲೇ ಜೋಡಿ ಹುಡುಕಿ ದಾರದಲ್ಲಿ ಕಟ್ಟಿ. ಸಕ್ಕರೆ ಅಂಟಿದ್ದರೆ ಬಿಸಿನೀರು, ಮೆತ್ತನೆ ಬ್ರಷ್ ಸಾಕು, ಸೋಪು ಬೇಡ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ, ನೆರಳಲ್ಲೇ ಒಣಗಿಸಿ. ಎಣ್ಣೆಯನ್ನೂ ಹಚ್ಚಬೇಡಿ, ಕಮಟು ವಾಸನೆ ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಬಾರದಂತೆ ನೆಲ ಗೋಡೆಗಳಿಂದ ದೂರ ಇಡಿ.

ಹಿತ್ತಾಳೆ ತಕ್ಕಡಿಯನ್ನು ಹುಣಸೆಹಣ್ಣು ಹಾಕಿ ಫಳಫಳ ಮಾಡಬೇಕೆಂದು ಆಸೆಯಾಗುತ್ತದೆ. ದಿನಾ ಬಳಸುವ ಪಾತ್ರೆಗಾದರೆ ಸರಿ. ಇದಕ್ಕೆ ಬೇಡ, ಕೆತ್ತಿಸಿದ ಹೆಸರು ಸವೆಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ತಾಮ್ರದ ಬಾಣಲೆಗೂ ಅಷ್ಟೇ. ಕಾವು ಎಲ್ಲ ಕಡೆ ಒಂದೇ ಸಮ ಹರಡುವುದರಿಂದ ಪಾಕಕ್ಕೆ ತಾಮ್ರವನ್ನೇ ಹಿಡಿಯುತ್ತಿದ್ದರು. ನೂರು ವರ್ಷದ ಹಿಂದೆ ಗ್ರೀಸ್‌ನಿಂದ ಅಮೆರಿಕಕ್ಕೆ ಹೋಗಿ ಊರೂರಲ್ಲಿ ಕ್ಯಾಂಡಿ ಅಂಗಡಿ ಇಟ್ಟವರೂ ತಾಮ್ರದ ಪಾತ್ರೆಯಲ್ಲೇ ಪಾಕ ಕಾಯಿಸಿ ಅಮೃತಶಿಲೆಯ ಹಾಸಿನ ಮೇಲೆ ಸುರಿಯುತ್ತಿದ್ದರು. ಆದರೆ ಹಸಿರು ಕಿಲುಬು ಹಿಡಿದ ಬಾಣಲೆಯಲ್ಲಿ ಅಡುಗೆ ಮಾಡಲೇಬೇಡಿ.

ಲೆಕ್ಕದ ಪುಸ್ತಕ, ಬಿಲ್ಲುಗಳಲ್ಲಿ ತಾರೀಕು ಇರದಿದ್ದರೂ ಕಾಲ ಹಿಡಿಯಬಹುದು. ಬರೀ ಆಣೆ ಲೆಕ್ಕವಿದ್ದರೆ ಬಹುಶಃ 1957ಕ್ಕಿಂತ ಹಿಂದಿನದು. 'ನಯಾ ಪೈಸೆ' ಅಂತಿದ್ದರೆ 1957ರಿಂದ 1964ರ ಆಸುಪಾಸು. ಸೇರು ಹೋಗಿ ಕಿಲೋ ಕಡ್ಡಾಯವಾದದ್ದು ಅರವತ್ತರ ದಶಕದ ಶುರುವಿಗೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. 'ಮೈಸೂರು ರಾಜ್ಯ' ಅಂತ ಅಚ್ಚಾಗಿದ್ದರೆ ಅದನ್ನು ಅಚ್ಚು ಹಾಕಿಸಿದ್ದು 1973ರ ನವೆಂಬರ್‌ಗಿಂತ ಮುಂಚೆ. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡೂ ಬೇಡ. ಗಾಜಿಗೆ ಅಂಟಿದ ಫೋಟೋವನ್ನು ಕೀಳಬೇಡಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ.

ಅಚ್ಚುಗಳನ್ನು ಮಾತ್ರ ವರ್ಷಕ್ಕೊಮ್ಮೆ ಹೊರಗೆ ತೆಗೆಯಿರಿ. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಒಂದು ಗಂಟೆ ನೀರಲ್ಲಿ ನೆನೆಸಿ, ಒರೆಸಿ, ಬಿಗಿಯಾಗಿ ಕಟ್ಟಿ. ಸ್ಟೀಲ್ ಪಾತ್ರೆಯಲ್ಲಿ ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕುದಿಸಿ. ಒಂದೆರಡು ಚಮಚ ಹಾಲು ಬಿದ್ದರೆ ಕೊಳೆ ಮೇಲೆ ಬರುತ್ತದೆ, ತೆಗೆದು ಬಿಳಿ ಬಟ್ಟೆಯಲ್ಲಿ ಸೋಸಿ. ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿಕೊಂಡು ಒಲೆ ಮೇಲೆ ತಿರುವುತ್ತಿರಿ. ಅಂಚಲ್ಲಿ ಬಿಳಿಯಾಗಿ ಸಕ್ಕರೆ ಕಟ್ಟಲು ಶುರುವಾದ ಕೂಡಲೇ ಅಚ್ಚಿಗೆ ಹುಯ್ಯಿರಿ. ಆರಿದ ಮೇಲೆ ಅಚ್ಚು ಬಿಚ್ಚುವ ಕೆಲಸ ಮಕ್ಕಳಿಗೆ ಬಿಡಿ. ಮುರಿದ ಸೊಂಡಿಲು, ಬಾಲ ಎಲ್ಲಾ ಅವರಿಗೇ.