ಕೀಬೋರ್ಡ್ ಬಿಟ್ಟು ದೋಟಿ ಹಿಡಿದೆ

ನಾನು ಬೆಂಗಳೂರಿನಲ್ಲಿ ಸರಕು ಸಾಗಣೆ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿದ್ದೆ. ಹೊಸ ಸಾಫ್ಟ್‌ವೇರ್ ಬಂತು, ನಮ್ಮ ಟೀಮಿನ ಕೆಲಸವೆಲ್ಲ ಅದರ ಪಾಲಾಯಿತು. ಎಚ್‌ಆರ್‌ನವರು ಚೆನ್ನಾಗಿಯೇ ಮಾತಾಡಿದರು, ಕಾಫಿ ಕೊಡಿಸಿದರು, ಸಹಿ ಹಾಕಿಸಿಕೊಂಡರು. ನನಗಾಗ ನಲವತ್ತರ ಹತ್ತಿರ. ಅದೇ ಸಂಬಳಕ್ಕೆ ಇನ್ನೊಂದು ಕೆಲಸ ಸಿಗುವ ಲಕ್ಷಣ ಇರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ ಹೆಂಡತಿ, ಮಗಳನ್ನು ಕರೆದುಕೊಂಡು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆಗೆ ಬಂದೆ. ಮಗಳಿಗೆ ಇಲ್ಲಿಯ ಕನ್ನಡ ಮೀಡಿಯಂ ಶಾಲೆಯಲ್ಲಿ ಸೀಟು ಸಿಕ್ಕಿತು. ಮನೆಯಲ್ಲಿ ಅಮ್ಮ, ಒಂದಿಷ್ಟು ಅಡಿಕೆ ಮರ, ಗುಡ್ಡದೊಳಗಿಂದ ನೀರು ಬರುವ ಹಳೇ ಸುರಂಗ. ಆ ತೋಟವೊಂದೇ ನಂಬಿಕೊಂಡು ಸಂಸಾರ ನಡೆಸುವುದು ಕಷ್ಟ.

ಈಗ ನಾನು ದೋಟಿಯಲ್ಲಿ, ಅಂದರೆ ತುದಿಗೆ ಕತ್ತಿ ಸಿಕ್ಕಿಸಿದ ಉದ್ದ ಕೋಲಿನಲ್ಲಿ, ಊರವರ ತೋಟದ ಅಡಿಕೆ ಕೊಯ್ಯುತ್ತೇನೆ, ಮಳೆಗಾಲದಲ್ಲಿ ಮರಗಳಿಗೆ ರೋಗದ ಮದ್ದು ಬಿಡುತ್ತೇನೆ. ಆ ಕಡೆ ಬದಿಯಡ್ಕ, ಈ ಕಡೆ ಸಾರಡ್ಕ ದಾಟಿ ಅಡ್ಯನಡ್ಕದವರೆಗೂ ಹೋಗುತ್ತೇನೆ. ಕೆಲಸ ಕಳೆದುಕೊಂಡು ಊರಿಗೆ ಬಂದ ಒಂದಿಬ್ಬರು "ನೀವು ಹೇಗೆ ಶುರು ಮಾಡಿದ್ದು?" ಅಂತ ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಕೆಲಸ ಹೋದ ಬೇಜಾರಿನಲ್ಲಿ ಕಾಗದಪತ್ರ ಮರೆಯುವವರು ತುಂಬಾ ಜನ. ರಿಲೀವಿಂಗ್ ಲೆಟರ್ ಕೈಗೆ ಬರುವವರೆಗೆ ಬಿಡಬೇಡಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖನ್ನು ಕಂಪನಿಯವರು ಹಾಕಿದ್ದಾರಾ ನೋಡಿ, ಅದಿಲ್ಲದಿದ್ದರೆ ಮುಂದೆ ಹಣ ತೆಗೆಯುವಾಗ ಕಷ್ಟವಾಗುತ್ತದೆ. 5 ವರ್ಷ ಒಂದೇ ಕಡೆ ದುಡಿದಿದ್ದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು, ನಿಮ್ಮ ಹಕ್ಕು. ಕೊನೆಯ ತಿಂಗಳ ವೇತನವನ್ನು (ಮುಖ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. 30 ದಿನದೊಳಗೆ ಕೊಡಬೇಕು ಅಂತ ಕಾನೂನೇ ಇದೆ. ನಾನು ಪಿಎಫ್ ಮುಟ್ಟಲಿಲ್ಲ. ಮುಂದೆ ದೋಟಿ ಬಂದದ್ದು ಗ್ರಾಚ್ಯುಟಿ ದುಡ್ಡಿನಲ್ಲಿ.

ಇನ್ನು ಜನರ ಮಾತು. ಊರಿಗೆ ಬಂದವನು ಯಾವ ಮದುವೆಗೆ, ಯಾವ ಪೂಜೆಗೆ ಹೋದರೂ ಊಟದ ಪಂಕ್ತಿಯಲ್ಲಿ ಬರುವ ಮೊದಲ ಪ್ರಶ್ನೆ "ಈಗ ಎಲ್ಲಿ?" ಅಂತ. ತುಂಬಾ ಜನ "ವರ್ಕ್ ಫ್ರಂ ಹೋಮ್" ಅಂತ ಹೇಳಿ ತಪ್ಪಿಸಿಕೊಳ್ಳುತ್ತಾರೆ. ನನ್ನ ಹೆಂಡತಿ ಅದಕ್ಕೆ ಒಪ್ಪಲಿಲ್ಲ. "ಕೆಲಸ ಇಲ್ಲ ಅಂತ ಗೊತ್ತಾದರೆ ತಾನೇ ಯಾರಾದರೂ ಕೆಲಸ ಕೊಡುವುದು?" ಅಂದಳು. ಸರಿ, ಕೇಳಿದವರಿಗೆಲ್ಲ "ಕೆಲಸ ಹೋಯಿತು, ಇಲ್ಲೇ ಏನಾದರೂ ನೋಡುತ್ತಿದ್ದೇನೆ" ಅಂತ ನೇರ ಹೇಳುತ್ತಾ ಬಂದೆ. ಕೆಲವರು ಅಯ್ಯೋ ಪಾಪ ಅಂದರು. "ದೇವರು ಇನ್ನೊಂದು ಬಾಗಿಲು ತೆರೆಯುತ್ತಾನೆ" ಅಂದವರೂ ಇದ್ದರು. ಕೇಳುವಾಗ ಹಿತ, ಮನೆಗೆ ಬಂದ ಮೇಲೆ ಏನೂ ಉಳಿಯುವುದಿಲ್ಲ. ಉಪಯೋಗಕ್ಕೆ ಬಂದದ್ದು ದೂರದ ಸಂಬಂಧದ ಒಬ್ಬ ಭಾವ ಕೇಳಿದ ಮಾತು: "ದೋಟಿ ಹಿಡಿಯಲು ಬರುತ್ತದಾ? ನನ್ನ ತೋಟದಲ್ಲಿ ಅಡಿಕೆ ಹಣ್ಣಾಗಿ ಉದುರುತ್ತಾ ಇದೆ, ಮರ ಹತ್ತುವವರು ಸಿಗುತ್ತಿಲ್ಲ."

ನಮ್ಮ ಕಡೆಯ ದೊಡ್ಡ ತಲೆಬಿಸಿಯೇ ಇದು. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಒಂದು ಮರ ಹತ್ತಿ, ಅಲ್ಲಿಂದಲೇ ಪಕ್ಕದ ಮರ ಬಗ್ಗಿಸಿ ದಾಟುತ್ತಿದ್ದವರಿಗೆ ವಯಸ್ಸಾಯಿತು. ಅವರ ಮಕ್ಕಳು ಗಲ್ಫಿಗೋ ಮಂಗಳೂರಿಗೋ ಹೋದರು. ಅಡಿಕೆ ಮರ ಸಪೂರ, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಬಿದ್ದು ಸೊಂಟ ಮುರಿದುಕೊಂಡವರು ಊರೂರಲ್ಲಿ ಇದ್ದಾರೆ. ಹಾಗಾಗಿ ನೆಲದ ಮೇಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಾಗ ಬೆಳೆಗಾರರು ಕೈ ಬೀಸಿ ಕರೆದರು. ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳು, ಎಳೆದಷ್ಟೂ ಉದ್ದ. ತುದಿಗೆ ಕತ್ತಿ ಸಿಕ್ಕಿಸಿದರೆ ಕೊಯ್ಲು, ನಾಜಲ್ ಸಿಕ್ಕಿಸಿದರೆ ಮದ್ದು. ಆದರೆ ದೋಟಿ ಕೊಂಡು ಮನೆಯ ಚಾವಡಿಯಲ್ಲಿ ಮಲಗಿಸಿಟ್ಟವರೂ ಬೇಕಾದಷ್ಟು ಇದ್ದಾರೆ. ಕೊಳ್ಳುವುದು ಸುಲಭ, ಹಿಡಿಯುವವರು ಬೇಕಲ್ವಾ.

ಭಾವನ ಮನೆಯಲ್ಲೂ ಅಂಥದೇ ಒಂದು ಮಲಗಿತ್ತು. ನನಗೆ ಅಭ್ಯಾಸ ಇಲ್ಲ ಅಂದೆ. "ಬಾ, ಬಿದ್ದರೆ ಅಡಿಕೆ ಬೀಳುತ್ತದೆ, ನೀನಂತೂ ಬೀಳುವುದಿಲ್ಲ" ಅಂದರು. ನನಗೆ ಸಿಕ್ಕಿದ ಪ್ರೋತ್ಸಾಹ ಅಂದರೆ ಅದು. ತೋಟ ಬಿಟ್ಟುಕೊಟ್ಟರು, ಕಲಿಯುವ ದಿನಗಳಿಗೂ ಕೂಲಿ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು.

ಕಲಿಯುವವರಿಗೆ ದಾರಿ ಇದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಅಡಿಕೆ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನದಂಥವರು ದೋಟಿ ತರಬೇತಿ ಶಿಬಿರ ನಡೆಸಿದ್ದಾರೆ. ಕಾಸರಗೋಡಿನ ಸಿಪಿಸಿಆರ್‌ಐಗೆ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಟ್ಲದಲ್ಲಿ ಅಡಿಕೆಗೆಂದೇ ಕೇಂದ್ರವಿದೆ, ಅಲ್ಲಿ ವಿಚಾರಿಸಿದರೆ ಯಾವಾಗ ಏನು ನಡೆಯುತ್ತದೆ ಅಂತ ಗೊತ್ತಾಗುತ್ತದೆ. ಶಿಬಿರದಲ್ಲಿ ಹಿಡಿಯುವ ಕ್ರಮ ಕಲಿಯಬಹುದು. ಉಳಿದದ್ದು ತೋಟದಲ್ಲೇ ಕಲಿಯಬೇಕು.

ದೋಟಿಯ ಕಷ್ಟ ಭಾರದಲ್ಲಿಲ್ಲ, ಬಳುಕುವುದರಲ್ಲಿದೆ. ಅರವತ್ತು ಅಡಿ ಎತ್ತರದಲ್ಲಿ ಕತ್ತಿಯ ತುದಿ ನಿಲ್ಲುವುದೇ ಇಲ್ಲ. ಕೈ ಒಂದು ಬೆರಳಷ್ಟು ಅಲುಗಿದರೆ ಮೇಲೆ ಅದು ಮಾರುದೂರ ಹೋಗುತ್ತದೆ. ಹೊಸಬರು ತೋಳಿನ ಬಲದಲ್ಲಿ ಹಿಡಿಯಲು ನೋಡುತ್ತಾರೆ, ಸಂಜೆಗೆ ಭುಜ ಎತ್ತಲು ಆಗುವುದಿಲ್ಲ. ಕಾಲು ಅಗಲಿಸಿ ನಿಂತು ದೋಟಿಯನ್ನು ಮೈಗೆ ಹತ್ತಿರ ನೆಟ್ಟಗೆ ಇಟ್ಟುಕೊಳ್ಳಬೇಕು. ಓಲಾಡುವುದು ನಿಲ್ಲಲಿ ಅಂತ ಒಂದು ಉಸಿರು ಕಾಯಬೇಕು. ಕತ್ತಿಯನ್ನು ಗೊನೆಯ ಬುಡಕ್ಕೆ ಕೂರಿಸಿ ಒಂದೇ ಸಲ ಕೆಳಗೆ ಎಳೆಯಬೇಕು. ಅರ್ಧ ಕೊಯ್ದು ಜಗ್ಗಿದರೆ ಗೊನೆ ಬರುವುದಿಲ್ಲ, ಪಕ್ಕದ ಹಸಿ ಗೊನೆಗೆ ಪೆಟ್ಟಾಗುತ್ತದೆ. ಮರದ ನೇರ ಬುಡದಲ್ಲಿ ನಿಲ್ಲಬಾರದು, ಎರಡು ಹೆಜ್ಜೆ ಆಚೆ ನಿಂತರೆ ಕತ್ತೂ ಉಳಿಯುತ್ತದೆ, ತಲೆಯೂ ಉಳಿಯುತ್ತದೆ. ಬೆನ್ನು ಬಿಸಿಲಿನ ಕಡೆಗಿರಲಿ. ಕನ್ನಡಕ ಹಾಕಲೇಬೇಕು, ಮೇಲಿಂದ ಉದುರುವ ಧೂಳು ಕಣ್ಣಿಗೆ ಬಿದ್ದರೆ ಆ ದಿನದ ಕತೆ ಮುಗಿಯಿತು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ನಾನು ದೋಟಿ ಮಡಚುತ್ತೇನೆ, ಮಾಲೀಕರು ಏನೇ ಹೇಳಲಿ.

ಕರೆಂಟಿನ ವಿಷಯವನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಪ್ಲಾಸ್ಟಿಕ್ ಥರ ಕಾಣುತ್ತದೆ, ನಂಬಬೇಡಿ. ಇಲ್ಲಿ ಎಷ್ಟೋ ತೋಟಗಳ ನಡುವೆಯೇ ಲೈನ್ ಹಾದು ಹೋಗಿದೆ. ಕೆಲಸ ಶುರು ಮಾಡುವ ಮೊದಲು ತೋಟಕ್ಕೆ ಒಂದು ಸುತ್ತು ಹೊಡೆದು ತಂತಿ ಎಲ್ಲಿದೆ ಅಂತ ನೋಡುತ್ತೇನೆ. ಹತ್ತಿರದ ಮರಗಳನ್ನು ಮುಟ್ಟುವುದಿಲ್ಲ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಗೆ ಹೇಳಿ ಲೈನ್ ಆಫ್ ಮಾಡಿಸಿದರೆ ಮಾತ್ರ. "ನಾಲ್ಕೇ ಮರ, ಏನಾಗುವುದಿಲ್ಲ" ಅನ್ನುವವರ ತೋಟಕ್ಕೆ ನಾನು ಎರಡನೇ ಸಲ ಹೋಗುವುದಿಲ್ಲ.

ಕೊಯ್ಲು ಚಳಿಗಾಲ, ಬೇಸಿಗೆಯ ಕೆಲಸ. ಮದ್ದು ಬೇರೆಯೇ ಲೋಕ. ಕೊಳೆರೋಗ ಬಂದರೆ ಒಂದೇ ವಾರದಲ್ಲಿ ಎಳೆ ಕಾಯಿ ಮರದ ಬುಡದಲ್ಲಿ ಹಾಸಿಗೆ ಹಾಸಿದಂತೆ ಬಿದ್ದಿರುತ್ತದೆ. ಅದಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ 40–45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ. 100 ಲೀಟರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ. ಅರ್ಧ ನೀರಿನಲ್ಲಿ ತುತ್ತು, ಉಳಿದರ್ಧದಲ್ಲಿ ಸುಣ್ಣ, ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿದು ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ಆಕಾಶದ ನೀಲಿ ಬಣ್ಣ ಬಂತು ಅಂತ ಬಿಡುವ ಹಾಗಿಲ್ಲ. ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ನಮ್ಮ ಮಳೆ ಇದನ್ನೆಲ್ಲ ಕೇಳುವುದಿಲ್ಲ, ಅದು ಬೇರೆ ಮಾತು.

ಇಷ್ಟರವರೆಗೆ ಬರೆದದ್ದು ಯಾವ ದೋಟಿಯವರಿಗೂ ಗೊತ್ತು. ನನಗೆ ಕೆಲಸ ಜಾಸ್ತಿ ಸಿಗಲು ಕಾರಣ ಬೇರೆ, ಅದು ಬೆಂಗಳೂರಿನಿಂದ ತಂದದ್ದು. ಬಿಲ್ಲಿಂಗಿನಲ್ಲಿ ವರ್ಷಗಟ್ಟಲೆ ನಾನು ಮಾಡಿದ್ದು ಒಂದೇ, ಯಾವ ಲೋಡ್ ಯಾವ ದಿನ ಹೋಯಿತು, ಮುಂದಿನದ್ದು ಯಾವಾಗ ಅಂತ ಶೀಟಿನಲ್ಲಿ ತುಂಬುವುದು. ಇಲ್ಲಿಯೂ ಹಾಗೇ ಶುರು ಮಾಡಿದೆ. ಪ್ರತಿ ತೋಟಕ್ಕೆ ಒಂದು ಸಾಲು. ಎಷ್ಟು ಮರ, ಎತ್ತರ ಎಷ್ಟು, ಲೈನ್ ಎಲ್ಲಿದೆ, ನೀರಿನ ಅನುಕೂಲ ಹೇಗೆ, ಮೊದಲ ಮದ್ದು ಬಿಟ್ಟ ದಿನ ಯಾವುದು. ಎರಡನೇ ಮದ್ದಿಗೆ ಬೆಳೆಗಾರರು ನನ್ನನ್ನು ಹುಡುಕುವುದಿಲ್ಲ, ನಾನೇ ಫೋನ್ ಮಾಡಿ "ಅಣ್ಣ, ಮುಂದಿನ ವಾರ ನಿಮ್ಮ ಸರದಿ, ಸುಣ್ಣ ತಂದಿಡಿ" ಅನ್ನುತ್ತೇನೆ. ಮಳೆಗಾಲದಲ್ಲಿ ಆಳಿಗಾಗಿ ಇಡೀ ದಿನ ಫೋನ್ ಹಿಡಿದು ಕೂರುವವರಿಗೆ ಇದೇ ದೊಡ್ಡ ಸಮಾಧಾನ. ಒಂದು ವಾರ್ಡಿನ ತೋಟಗಳನ್ನು ಒಟ್ಟಿಗೆ ಹಾಕಿಕೊಂಡರೆ ಪಂಪು ಸಾಗಿಸುವ ಖರ್ಚೂ ಉಳಿಯುತ್ತದೆ.

ಕೂಲಿ ಲೆಕ್ಕಕ್ಕೆ ಮೂರು ದಾರಿ ಇದೆ: ದಿನಕ್ಕೆ, ಮರಕ್ಕೆ, ಗೊನೆಗೆ. ಗೊನೆ ಲೆಕ್ಕದಲ್ಲಿ ಅವಸರ ಮಾಡಿ ಹಸಿಯದ್ದನ್ನೂ ಕೊಯ್ಯುವ ಆಸೆ ಹುಟ್ಟುತ್ತದೆ. ನನಗೆ ದಿನದ ಲೆಕ್ಕವೇ ಸರಿ. ಸಂಪಾದನೆ ಬೆಂಗಳೂರಿನಷ್ಟು ಸಮ ಇಲ್ಲ. ಸೀಸನ್ನಿನಲ್ಲಿ ಚೆನ್ನಾಗಿ ಬರುತ್ತದೆ, ಜಡಿಮಳೆಯ ದಿನಗಳಲ್ಲಿ ಸೊನ್ನೆ. ಬಾಡಿಗೆ ಇಲ್ಲ, ಅಷ್ಟು ವ್ಯತ್ಯಾಸ.

ಪವರ್ ಸ್ಪ್ರೇಯರಿನಂಥ ಯಂತ್ರಗಳಿಗೆ ಕೇಂದ್ರದ ಕೃಷಿ ಯಾಂತ್ರೀಕರಣದ ಸ್ಮಾಮ್ ಯೋಜನೆಯಲ್ಲಿ ಸಬ್ಸಿಡಿ ಇದೆ. ಯಂತ್ರ ಕೊಳ್ಳುವ ಮೊದಲೇ ಅರ್ಜಿ ಹಾಕಬೇಕು, ಬಿಲ್ ಹಿಡಿದುಕೊಂಡು ಹೋದರೆ ಆಗುವುದಿಲ್ಲ. ಅರ್ಜಿ ಆನ್‌ಲೈನ್, ಸಂಶಯ ಇದ್ದರೆ ಪಂಚಾಯಿತಿಯ ಕೃಷಿ ಭವನದಲ್ಲಿ ಕೇಳಿ. ಮಲಯಾಳ ಓದಲು ಬಾರದವರು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಊರಿನ ಇಬ್ಬರು ಹುಡುಗರು ಜೊತೆಗಿದ್ದಾರೆ. ಒಬ್ಬ ಮಂಗಳೂರಿನ ಶೋರೂಮಿನಲ್ಲಿ ಕೆಲಸ ಕಳೆದುಕೊಂಡು ಬಂದವನು. ದೋಟಿ ಮುಟ್ಟುವ ಮೊದಲು ಇಬ್ಬರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರೆಗೆ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಅದರ ವರ್ಷ ಶುರುವಾಗುವುದು ಜೂನ್ 1ಕ್ಕೆ, ನಮ್ಮ ಮೊದಲ ಮದ್ದಿನ ಹೊತ್ತಿಗೆ ಸರಿಯಾಗಿ. ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಬಿಮಾ ತಪ್ಪುತ್ತದೆ. ಹಾಗಾಗಿ ಮೇ ತಿಂಗಳ ಶೀಟಿನಲ್ಲಿ ತೋಟಗಳ ಹೆಸರಿಗಿಂತ ಮೇಲೆ ಇಬ್ಬರ ಹೆಸರೂ, ನನ್ನ ಹೆಸರೂ ಇದೆ. ಎದುರಿಗೆ "20 ರೂ. ಇದೆಯಾ?" ಅಂತ ಬರೆದಿದ್ದೇನೆ.